ಪಾತ್ರಧಾರಣಕ್ರೀಡೆಗಳಲ್ಲಿ ಸಂಧಾನವಾದದ ನ್ಯಾಯ

1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯೆನಿಸಿದ ಸೀಮೆಯಲ್ಲಿ, ಅದರಲ್ಲಿಯೂ ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಗ್ರಾಮಗಳಲ್ಲಿ, ಪೌರಾಣಿಕ ನಾಟಕವೆಂದೊಡನೆ ಜನರ ನೆನಪಿಗೆ ಬರುವುದು 'ಕುರುಕ್ಷೇತ್ರ'. ಊರಹಬ್ಬವೋ ಜಾತ್ರೆಯೋ ಸಮೀಪಿಸುವುದಕ್ಕೆ ತಿಂಗಳುಗಳ ಮುಂಚೆಯೇ ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ಗೊತ್ತುಮಾಡಿಕೊಂಡು, ಹಗಲು ಗದ್ದೆಯಲ್ಲಿಯೂ ಕಬ್ಬಿನ ತೋಟದಲ್ಲಿಯೂ ದುಡಿದವರು ರಾತ್ರಿ ಕುಳಿತು ಕಂದಪದ್ಯಗಳನ್ನೂ ಮಾತುಗಳನ್ನೂ ಕಂಠಸ್ಥ ಮಾಡುತ್ತಾರೆ. ಖರ್ಚಿನ ಪಾಲು ಪಾತ್ರದ ಹಿರಿಮೆಗೆ ತಕ್ಕಂತೆ ಬೀಳುವುದು ವಾಡಿಕೆ; ಕೃಷ್ಣನಾಗಬೇಕೆಂಬವನೂ ದುರ್ಯೋಧನನಾಗಬೇಕೆಂಬವನೂ ಸೇವಕನ ವೇಷಕ್ಕೆ ಒಪ್ಪಿದವನಿಗಿಂತ ಹೆಚ್ಚು ಹಣವನ್ನು ತೆರಬೇಕಾಗುತ್ತದೆ. ಇರುಳಿಡೀ ನಡೆಯುವ ಈ ನಾಟಕದಲ್ಲಿ ಗದಾಯುದ್ಧಕ್ಕಿಂತಲೂ ಸಭಿಕರು ಕಾದಿದ್ದು ಕೇಳುವ ಭಾಗ ಒಂದುಂಟು. ಅದು ಕೃಷ್ಣಸಂಧಾನ.

ಈ ದೃಶ್ಯದಲ್ಲಿ ಆಯುಧವಿಲ್ಲ. ಒಬ್ಬನು ಬೇಡುತ್ತಾನೆ, ಇನ್ನೊಬ್ಬನು ಕೊಡೆನೆನ್ನುತ್ತಾನೆ. ವಾದದಲ್ಲಿ ಗೆದ್ದವನು ಯಾರೆಂಬುದು ಸಭೆಗೆ ಸ್ಪಷ್ಟವಾಗಿದೆ. ಆದರೂ ಸೋತವನು ಒಪ್ಪುವುದಿಲ್ಲ. ವಿಚಿತ್ರವೆಂದರೆ, ಹೀಗೆ ಸೋತು ಒಪ್ಪದವನಿಗೇ ಪ್ರೇಕ್ಷಕರು 'ಒನ್ಸ್ ಮೋರ್' ಕೂಗಿ ಪದ್ಯವನ್ನು ಮತ್ತೆ ಹಾಡಿಸುವುದೂ ಉಂಟು. ಮಾತಿನ ಜಯವೆಂದರೇನು, ಮನಸ್ಸಿನ ಸಮ್ಮತಿಯೆಂದರೇನು, ಇವೆರಡಕ್ಕೂ ಸಂಬಂಧವೆಷ್ಟು ಎಂಬ ಪ್ರಶ್ನೆ ಈ ಒಂದು ದೃಶ್ಯದಲ್ಲಿ ಅಡಗಿದೆ. ಇದೇ ಪ್ರಶ್ನೆಯು ಕಳೆದ ಅರ್ಧಶತಮಾನದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿ ಬೆಳೆದ ಒಂದು ಬಗೆಯ ಆಟಗಳಲ್ಲಿ ನಿಯಮರಚನೆಯ ಸಮಸ್ಯೆಯಾಗಿ ತಲೆದೋರಿರುವುದು ಸಾಹಿತ್ಯಾಧ್ಯಾಪಕರಿಗೆ ತಿಳಿದಿರಬೇಕಾದ ಸಂಗತಿ.

ಆ ಆಟಗಳನ್ನು 'ಪಾತ್ರಧಾರಣಕ್ರೀಡೆ'ಗಳೆಂದು ಕರೆಯಬಹುದು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬುದು ಇವುಗಳಲ್ಲಿ ಮೊದಲು ಪ್ರಕಟವಾದುದು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸುತ್ತಾರೆ. ಒಬ್ಬನು ಮಾತ್ರ ಸೂತ್ರಧಾರನಾಗಿ, ಲೋಕವನ್ನು ವರ್ಣಿಸುವ, ಉಳಿದ ಪಾತ್ರಗಳೆಲ್ಲದರ ಪರವಾಗಿ ಮಾತನಾಡುವ, ನಿಯಮಗಳನ್ನು ನಿರ್ಣಯಿಸುವ ಹೊಣೆ ಹೊರುತ್ತಾನೆ. ಬರೆದಿಟ್ಟ ಸಂಭಾಷಣೆಯಿಲ್ಲ, ಕಥೆಯ ಅಂತ್ಯವೂ ಗೊತ್ತಿಲ್ಲ. ಸಂದೇಹ ಬಂದೆಡೆಯಲ್ಲಿ ದಾಳ ಹಾಕುತ್ತಾರೆ. ಈ ಆಟವು ಯುದ್ಧಕ್ರೀಡೆಗಳ ಗರ್ಭದಿಂದ ಹೊರಬಂದುದರಿಂದ ಕತ್ತಿಯ ಏಟಿಗೂ ಬಾಣದ ದೂರಕ್ಕೂ ನಿಯಮಗಳು ಹೇರಳವಾಗಿದ್ದುವು. ಮಾತಿಗೆ ಇದ್ದುವು ಬಹು ಸ್ವಲ್ಪ. ಪಾತ್ರದ ಆಕರ್ಷಕಶಕ್ತಿಯನ್ನು ಸೂಚಿಸುವ ಒಂದು ಸಂಖ್ಯೆ, ಎದುರಾದ ಪ್ರಾಣಿಯು ಸ್ನೇಹದಿಂದ ವರ್ತಿಸುವುದೋ ದ್ವೇಷದಿಂದಲೋ ಎಂಬುದನ್ನು ಎರಡು ದಾಳಗಳಿಂದ ತಿಳಿಯುವ ಒಂದು ಪಟ್ಟಿ, ಇಷ್ಟೇ.

ಆದರೆ ಪಾತ್ರ ವಹಿಸಿದವನು ಹೊಡೆದಾಡುವುದಕ್ಕಿಂತ ಹೆಚ್ಚಾಗಿ ಮಾತನಾಡುತ್ತಾನೆ. ದ್ವಾರಪಾಲಕನನ್ನು ಒಲಿಸಬೇಕು, ಅರಸನಿಂದ ನೆರವು ಬೇಡಬೇಕು, ಜೊತೆಗಾರನನ್ನೇ ಒಂದು ಸಾಹಸಕ್ಕೆ ಒಪ್ಪಿಸಬೇಕು. ಅಲ್ಲಿ ತೀರ್ಮಾನ ಹೇಗೆ? ಕ್ರೀಡಕನ ಸ್ವಂತ ವಾಕ್ಚಾತುರ್ಯವನ್ನೇ ಪ್ರಮಾಣವಾಗಿಟ್ಟರೆ ಮಾತುಗಾರನೇ ಯಾವಾಗಲೂ ಗೆಲ್ಲುತ್ತಾನೆ. ಸಂಕೋಚದ ಹುಡುಗನು ಶ್ರೀಕೃಷ್ಣನ ಪಾತ್ರವನ್ನೇ ವಹಿಸಿದರೂ ದ್ವಾರಪಾಲಕನನ್ನು ದಾಟಲಾರನು. ದಾಳವನ್ನೇ ಪ್ರಮಾಣವಾಗಿಟ್ಟರೆ ಮಾತು ವ್ಯರ್ಥ. ಏನನ್ನೂ ಹೇಳದೆ ದಾಳವುರುಳಿಸಿ 'ಒಪ್ಪಿಸಿದೆ' ಎಂದರಾಯಿತು. ಎರಡಕ್ಕಿಂತಲೂ ಕಷ್ಟವಾದ ಮೂರನೆಯ ತೊಡಕೊಂದಿದೆ. ಒಬ್ಬ ಕ್ರೀಡಕನ ಪಾತ್ರವು ಇನ್ನೊಬ್ಬನ ಪಾತ್ರವನ್ನು ಒಪ್ಪಿಸಿತೆಂದು ನಿಯಮವು ವಿಧಿಸಿದರೆ, ಆ ಇನ್ನೊಬ್ಬನು ಮುಂದೆ ಆಡುವುದೇನನ್ನು? ದೇಹಕ್ಕೆ ಗಾಯವಾಯಿತೆಂದರೆ ಅವನು ಸಹಿಸುತ್ತಾನೆ. 'ನಿನ್ನ ಮನಸ್ಸು ಬದಲಾಯಿತು' ಎಂದರೆ ಅವನ ಪಾಲಿಗೆ ಉಳಿದಿದ್ದ ಒಂದೇ ಸ್ವತ್ತನ್ನು ಕಿತ್ತುಕೊಂಡಂತಾಗುತ್ತದೆ.

ಮಂಡ್ಯದ ಕುರುಕ್ಷೇತ್ರದಲ್ಲಿ ಈ ತೊಡಕುಗಳು ಕಾಣಿಸದಿರುವುದಕ್ಕೆ ಕಾರಣ ಸ್ಪಷ್ಟ. ಅಲ್ಲಿ ಕಥೆಯೂ ನಿಯತ, ಮಾತೂ ನಿಯತ. ಪಂಚಾಯಿತಿಯಲ್ಲಿ ಬಾಯಿ ತೆರೆಯದವನು ಕೂಡ ಕಲಿತ ಪಾಠದ ಬಲದಿಂದ ದುರ್ಯೋಧನನಾಗಿ ಗರ್ಜಿಸಬಲ್ಲನು. ವಾಗ್ಮಿಗೂ ಮೂಕಪ್ರಾಯನಿಗೂ ಅಲ್ಲಿ ಒಂದೇ ಪಾಠ. ಪಶ್ಚಿಮದ ಕರಾವಳಿಗೆ ಹೋದರೆ ಸ್ಥಿತಿ ಬೇರೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡು ಪ್ರಾಂತಗಳ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಯೇ ತಂತಮ್ಮ ಪಾತ್ರದ ಪಕ್ಷವನ್ನು ಆಶುವಾಗಿ ಪ್ರತಿಪಾದಿಸುತ್ತಾರೆ. ಕಥೆ ನಿಯತ, ಮಾತು ಸ್ವತಂತ್ರ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ಎದುರಾಳಿಯ ಪಕ್ಷವನ್ನು ನಿರುತ್ತರಗೊಳಿಸಿದರೂ ಪ್ರಸಂಗದ ಗತಿ ಬದಲಾಗುವುದಿಲ್ಲ. ವಾಲಿಯು ವಾದದಲ್ಲಿ ಎಷ್ಟೇ ಗೆದ್ದರೂ ಬಾಣದಿಂದ ಸಾಯಲೇಬೇಕು. ಪಾತ್ರಧಾರಣಕ್ರೀಡೆಯಲ್ಲಾದರೋ ಕಥೆಯೂ ಸ್ವತಂತ್ರ, ಮಾತೂ ಸ್ವತಂತ್ರ. ಸ್ವಾತಂತ್ರ್ಯವು ಹೆಚ್ಚಿದಂತೆಲ್ಲ ನಿಯಮದ ಅವಶ್ಯಕತೆಯೂ ಹೆಚ್ಚುತ್ತದೆಯೆಂಬುದಕ್ಕೆ ಈ ಮೂರು ನಿದರ್ಶನಗಳೇ ಸಾಕು.

ಮಾತಿನ ಕಲಹಕ್ಕೆ ನಿಯಮ ಮಾಡಿದವರಲ್ಲಿ ನೈಯಾಯಿಕರಷ್ಟು ಶ್ರಮಪಟ್ಟವರು ವಿರಳ. ಗೌತಮನ ನ್ಯಾಯಸೂತ್ರಗಳು ಕಥೆಯನ್ನು, ಎಂದರೆ ಇಬ್ಬರು ಪಕ್ಷಪ್ರತಿಪಕ್ಷಗಳನ್ನು ಹಿಡಿದು ನಡೆಸುವ ವಿಚಾರವನ್ನು, ವಾದ, ಜಲ್ಪ, ವಿತಂಡೆಯೆಂದು ಮೂರಾಗಿ ವಿಂಗಡಿಸುತ್ತವೆ. ತತ್ತ್ವವನ್ನು ತಿಳಿಯುವ ಇಚ್ಛೆಯಿಂದ ನಡೆಯುವುದು ವಾದ. ಗೆಲ್ಲುವ ಇಚ್ಛೆಯಿಂದ ನಡೆಯುವುದು ಜಲ್ಪ. ಸ್ವಪಕ್ಷವನ್ನೇ ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದಷ್ಟೇ ವಿತಂಡೆ. ಮೂರು ವಿಧದ ಛಲಗಳನ್ನೂ ಇಪ್ಪತ್ತನಾಲ್ಕು ಜಾತಿಗಳನ್ನೂ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನೂ ಅಲ್ಲಿ ಲಕ್ಷಣಸಮೇತವಾಗಿ ಹೇಳಿದೆ. ಛಲವೆಂದರೆ ಎದುರಾಳಿಯ ಮಾತಿಗೆ ಅವನುದ್ದೇಶಿಸದ ಅರ್ಥವನ್ನು ಹೇರಿ ಖಂಡಿಸುವುದು: ಹೊಸ ಕಂಬಳಿ ಹೊದ್ದವನನ್ನು ಕುರಿತು 'ನವಕಂಬಳ'ನೆಂದರೆ, 'ಒಂಬತ್ತು ಕಂಬಳಿಗಳೆಲ್ಲಿ?' ಎಂದು ಕೇಳಿದ ಹಾಗೆ. ಪಾತ್ರಧಾರಣಕ್ರೀಡೆಯ ಮೇಜಿನ ಮೇಲೂ ಕಳ್ಳನಾದವನು ಸೂತ್ರಧಾರನ ಬಾಯಿಂದ ಜಾರಿದ ಪದವೊಂದನ್ನು ಹಿಡಿದು ಕೋಟೆಯ ಬೀಗದಕೈ ಕೇಳುವುದುಂಟು.

ಕ್ರೀಡೆಯ ನಿಯಮಕಾರನಿಗೆ ಈ ನಿಗ್ರಹಸ್ಥಾನಗಳಲ್ಲಿ ಕೆಲವು ಹಾಗೆ ಹಾಗೆಯೇ ಉಪಯುಕ್ತ. ತಾನು ಸಾಧಿಸಲು ಹೊರಟ ಪ್ರತಿಜ್ಞೆಯನ್ನು ನಡುವೆ ಬಿಟ್ಟುಕೊಡುವುದು ಪ್ರತಿಜ್ಞಾಹಾನಿ, ಅದನ್ನು ಬದಲಾಯಿಸಿಕೊಳ್ಳುವುದು ಪ್ರತಿಜ್ಞಾಂತರ. ಆದಕಾರಣ ಮಾತು ಆರಂಭಿಸುವ ಮೊದಲೇ 'ಇಂಥದನ್ನು ಬೇಡುತ್ತೇನೆ' ಎಂದು ಸ್ಪಷ್ಟಪಡಿಸಬೇಕು. ರಾತ್ರಿ ತಂಗಲು ಸ್ಥಳ ಕೇಳಲು ಬಂದವನು ದಾಳ ಚೆನ್ನಾಗಿ ಬಿದ್ದಿತೆಂದು ಮಗಳನ್ನೂ ಅರ್ಧರಾಜ್ಯವನ್ನೂ ಕೇಳುವಂತಿಲ್ಲ. ಹೇಳಿದ್ದನ್ನೇ ಮತ್ತೆ ಹೇಳುವುದು ಪುನರುಕ್ತ; ಅದೂ ನಿಗ್ರಹಸ್ಥಾನವೇ. ನಿರಾಕರಿಸಿದವನನ್ನು ಹೊಸ ಹೇತುವಿಲ್ಲದೆ ಪದೇ ಪದೇ ಪೀಡಿಸಿ ಬೇಸರದಿಂದ ಒಪ್ಪಿಸುವ ಉಪಾಯ ಇದರಿಂದ ತಪ್ಪುತ್ತದೆ.

ಇಷ್ಟಾದರೂ ಶಾಸ್ತ್ರವು ಒಂದೆಡೆ ಕೈಬಿಡುತ್ತದೆ. ವಾದದ ಫಲ ತತ್ತ್ವನಿರ್ಣಯ, ಜಲ್ಪದ ಫಲ ವಿಜಯ. ಸಂಧಾನದ ಫಲವಾದರೋ ಸಮ್ಮತಿ. ನಿಗ್ರಹಸ್ಥಾನವು ಒಬ್ಬನ ಮಾತನ್ನು ನಿಗ್ರಹಿಸುತ್ತದೆಯೇ ಹೊರತು ಅವನ ಇಚ್ಛೆಯನ್ನಲ್ಲ. ಧರ್ಮವನ್ನು ಅರಿತೂ ಅದರಲ್ಲಿ ಪ್ರವೃತ್ತಿಯಿಲ್ಲವೆಂಬ ಅಭಿಪ್ರಾಯದ ಶ್ಲೋಕವೊಂದನ್ನು ಜನರು ದುರ್ಯೋಧನನ ಮಾತೆಂದು ಉದಾಹರಿಸುತ್ತಾರೆ. ಅದು ಪ್ರಪನ್ನಗೀತೆಯಲ್ಲಿ ಅವನ ಬಾಯಲ್ಲಿರುವ ಶ್ಲೋಕ; ವ್ಯಾಸಭಾರತದ ಉದ್ಯೋಗಪರ್ವದ ಮಾತಲ್ಲ. ಆದರೂ ಅದು ಅವನಿಗೆ ಅಂಟಿಕೊಂಡಿತೆಂಬುದೇ ಜನರ ಗ್ರಹಣಶಕ್ತಿಗೆ ಸಾಕ್ಷಿ. ಅವನು ತಿಳಿಯದೆ ನಿರಾಕರಿಸಿದವನಲ್ಲ.

ಹೀಗಿರಲು, ನ್ಯಾಯವಾದ ನಿಯಮವು ಏನನ್ನು ತೀರ್ಮಾನಿಸಬೇಕು? ಕೇಳುವವನ ಹೃದಯವನ್ನಲ್ಲ, ಸಭೆಯಲ್ಲಿ ಅವನಿಗಿರುವ ಸ್ಥಾನವನ್ನು. ಭಗವದ್ಯಾನಪರ್ವದ ರಚನೆಯನ್ನು ಈ ದೃಷ್ಟಿಯಿಂದ ನೋಡಬೇಕು. ಅರ್ಧರಾಜ್ಯವಿಲ್ಲದಿದ್ದರೆ ಐದು ಗ್ರಾಮಗಳಾದರೂ ಸಾಕೆಂಬಷ್ಟಕ್ಕೆ ಪಾಂಡವರ ಬೇಡಿಕೆ ಇಳಿದಿತ್ತು. ಅವಿಸ್ಥಲ, ವೃಕಸ್ಥಲ, ಮಾಕಂದಿ, ವಾರಣಾವತ, ಐದನೆಯದು ಕೊಡುವವನ ಇಚ್ಛೆಗೆ ಬಿಟ್ಟ ಯಾವುದಾದರೊಂದು. ಕೊಡುವವನಿಗೂ ಒಂದು ಆಯ್ಕೆಯನ್ನು ಉಳಿಸಿದ ಆ ಐದನೆಯ ಗ್ರಾಮದ ಚಾತುರ್ಯವನ್ನು ಗಮನಿಸಬೇಕು. ದುರ್ಯೋಧನನು ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡಲೊಲ್ಲದೆ ಸಭೆಯಿಂದ ಎದ್ದುಹೋದನು. ಯಾವ ನಿಯಮವೂ ಅವನನ್ನು ಒಪ್ಪಿಸಲಿಲ್ಲ. ಆದರೆ ಆ ನಿರಾಕರಣೆಗೆ ಬೆಲೆ ತಗಲಿತು. ಭೀಷ್ಮದ್ರೋಣರ, ಗಾಂಧಾರಿಯ, ಋಷಿಗಳ ಎದುರಿನಲ್ಲಿ ಯುದ್ಧದ ಹೊಣೆ ಯಾರದೆಂಬುದು ಇತ್ಯರ್ಥವಾಯಿತು. ಕುಮಾರವ್ಯಾಸನಲ್ಲಿ ಈ ಬೆಲೆಯು ಇನ್ನೂ ಮೂರ್ತವಾಗಿದೆ: ಕೃಷ್ಣನಿಗೆ ಆತಿಥ್ಯವಿತ್ತುದಕ್ಕಾಗಿ ಹೀನಾಯ ಮಾತು ಕೇಳಿದ ವಿದುರನು ತನ್ನ ಬಿಲ್ಲನ್ನೇ ಮುರಿದುಹಾಕುತ್ತಾನೆ. ಸಂಧಾನವು ಮುರಿದುಬಿದ್ದ ದಿನವೇ ಕೌರವಪಕ್ಷಕ್ಕೆ ಒಬ್ಬ ಬಿಲ್ಲಾಳು ಇಲ್ಲವಾದನು. ಮಂಡ್ಯದ ಹಳ್ಳಿಯ ಪ್ರೇಕ್ಷಕನು ದುರ್ಯೋಧನನಿಗೆ ಸಿಳ್ಳೆ ಹಾಕುವುದೂ ಇದರಿಂದ ಅಸಂಗತವಲ್ಲ. ಬೆಲೆಯನ್ನು ತಿಳಿದೇ ತೆರುತ್ತಿರುವ ಛಲಗಾರನಿಗೆ ಅವನು ತೋರುವ ಮರ್ಯಾದೆ ಅದು. ರನ್ನನ ಗದಾಯುದ್ಧವು ಶರಶಯ್ಯೆಯ ಭೀಷ್ಮನ ಮುಂದೆಯೂ ಸಂಧಿಗೆ ಒಪ್ಪದ ಇದೇ ವೀರನನ್ನು ಮಹಾನುಭಾವನನ್ನಾಗಿಸಿತಲ್ಲವೆ?

ಅಮೆರಿಕದ ನಿಯಮಕಾರರಲ್ಲಿ ಈ ತತ್ತ್ವವನ್ನು ಸಮೀಪಿಸಿದವರು ವಿನ್ಸೆಂಟ್ ಬೇಕರ್. 2010ರಲ್ಲಿ ಪ್ರಕಟವಾದ ಅವರ 'ಅಪೋಕಲಿಪ್ಸ್ ವರ್ಲ್ಡ್' ಎಂಬ ಆಟದಲ್ಲಿ, ಒಬ್ಬ ಕ್ರೀಡಕನ ಪಾತ್ರವು ಇನ್ನೊಬ್ಬ ಕ್ರೀಡಕನ ಪಾತ್ರವನ್ನು ಒಲಿಸಲೆತ್ನಿಸಿ ದಾಳವು ಅನುಕೂಲವಾಗಿ ಬಿದ್ದರೆ, ಒಪ್ಪಿದವನಿಗೆ ಅನುಭವದ ಅಂಕವೊಂದು ಲಾಭ. ಒಪ್ಪದಿದ್ದರೆ ಸಂಕಟದ ನಡುವೆ ಕೆಲಸಮಾಡಿದವನಂತೆ ಅವನು ಮತ್ತೊಂದು ದಾಳವನ್ನು ಎದುರಿಸಬೇಕು. ಒಪ್ಪುವುದೂ ಬಿಡುವುದೂ ಅವನದೇ; ನಿಯಮವು ಎರಡು ದಾರಿಗಳ ಸುಂಕವನ್ನು ಮಾತ್ರ ಗೊತ್ತುಮಾಡುತ್ತದೆ. ವಿದುರನ ಮುರಿದ ಬಿಲ್ಲು ಇಂಥ ಸುಂಕವೇ ಆಗಿದೆ.

ಪೂರ್ಣವಾದ ಒಪ್ಪಿಗೆ, ಪೂರ್ಣವಾದ ನಿರಾಕರಣೆ, ಇವೆರಡರ ನಡುವಣ ಭೂಮಿಯೇ ಸಂಧಾನದಲ್ಲಿ ವಿಶಾಲವಾದುದು. ಸಭೆಯಲ್ಲಿ ಕೆಲಸ ಕೆಟ್ಟಮೇಲೆ ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿದನು. ಬಳಿಕ ಕುಂತಿಯೂ ಅವನ ಬಳಿಗೆ ಹೋದಳು. ಕರ್ಣನು ಪಕ್ಷವನ್ನು ಬಿಡಲಿಲ್ಲ. ಆದರೆ ಬರಿಗೈಯಲ್ಲಿಯೂ ತಾಯಿಯನ್ನು ಕಳುಹಿಸಲಿಲ್ಲ: ವ್ಯಾಸನಲ್ಲಿ ಅರ್ಜುನನೊಬ್ಬನನ್ನುಳಿದು ನಾಲ್ವರನ್ನು ಕೊಲ್ಲೆನೆಂದು ಮಾತುಕೊಟ್ಟನು; ಕನ್ನಡ ಪರಂಪರೆಯಲ್ಲಿ ತೊಟ್ಟ ಬಾಣವನ್ನು ಮರಳಿ ತೊಡೆನೆಂದೂ ಮಾತುಕೊಟ್ಟನು. ಬೇಡಿದ್ದು ದೊರೆಯಲಿಲ್ಲ, ಬೇಡಿಕೆಯ ಬಲಕ್ಕೆ ತಕ್ಕಷ್ಟು ದೊರೆಯಿತು. ಲ್ಯೂಕ್ ಕ್ರೇನ್ ರಚಿಸಿದ 'ಬರ್ನಿಂಗ್ ವ್ಹೀಲ್' (ಮೊದಲ ಪ್ರಕಟಣೆ 2002) ಎಂಬ ಆಟದ ವಾಗ್ಯುದ್ಧನಿಯಮವು ಇದಕ್ಕೆ ಲೆಕ್ಕದ ರೂಪ ಕೊಟ್ಟಿದೆ. ಅಲ್ಲಿ ಉಭಯರೂ ಮೊದಲೇ ತಮ್ಮ ತಮ್ಮ ಬೇಡಿಕೆಯನ್ನು ಹೇಳಿ, ವಾದಕ್ಕೆ ಇಂತಿಷ್ಟು ಅಂಕಗಳ ಶರೀರವನ್ನು ಪಡೆಯುತ್ತಾರೆ. ಪರಸ್ಪರ ಆಘಾತಗಳಿಂದ ಅದು ಕ್ಷಯಿಸುತ್ತದೆ. ಗೆದ್ದವನ ಅಂಕಗಳೂ ಕ್ಷಯಿಸಿದ್ದರೆ, ಕ್ಷಯಿಸಿದ ಮಟ್ಟಿಗೆ ಅವನು ಸೋತವನಿಗೆ ಏನನ್ನಾದರೂ ಬಿಟ್ಟುಕೊಡಲೇಬೇಕು. ಸೋತವನು ಮಾತಿಗೆ ಬದ್ಧನಾಗುತ್ತಾನೆಂಬ ಅಂಶದಲ್ಲಿ ಇದು ಬೇಕರರ ನಿಯಮಕ್ಕಿಂತ ಕಠಿಣ. ಆದರೆ ಅವನಿಗೆ ಮರ್ಯಾದೆಯಿಂದ ಸೋಲುವ ದಾರಿಯನ್ನು ತೆರೆದಿರುವುದು ಇದರ ಗುಣ.

ಈ ಮಧ್ಯಭೂಮಿಯ ಬೆಲೆಯನ್ನು ಬಲ್ಲ ಒಂದು ಸ್ಥಳ ಮದ್ದೂರಿನ ಬಳಿಯಲ್ಲಿಯೇ ಇದೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿದಾಗ ಸರ್ಕಾರದ ನಿಷೇಧವನ್ನು ಲೆಕ್ಕಿಸದೆ ರಾಷ್ಟ್ರಧ್ವಜವನ್ನು ಹಾರಿಸಲಾಯಿತು, ಅಧ್ಯಕ್ಷರಾಗಿದ್ದವರು ಟಿ. ಸಿದ್ದಲಿಂಗಯ್ಯನವರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರಾಗಿ ಪ್ರಾಣಹಾನಿಯಾಯಿತು. ಬಳಿಕ ಸರ್ದಾರ್ ಪಟೇಲರಿಗೂ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರಿಗೂ ನಡೆದ ಮಾತುಕತೆಯ ಫಲವಾಗಿ ರಾಷ್ಟ್ರಧ್ವಜವನ್ನೂ ಮೈಸೂರು ಸಂಸ್ಥಾನದ ಧ್ವಜವನ್ನೂ ಜೊತೆಯಾಗಿ ಹಾರಿಸಬಹುದೆಂಬ ಒಡಂಬಡಿಕೆಗೆ ದಾರಿಯಾಯಿತು. ಯಾರ ಧ್ವಜವೂ ಕೆಳಗಿಳಿಯಲಿಲ್ಲ. ಶಿವಪುರದ ಧ್ವಜಸತ್ಯಾಗ್ರಹವು ಶೌರ್ಯಕ್ಕಾಗಿ ಸ್ಮರಣೀಯವಾಗಿರುವಷ್ಟೇ, ಅದರ ಪರಿಣಾಮವು ಸಂಧಾನಶಾಸ್ತ್ರದ ದೃಷ್ಟಿಯಿಂದಲೂ ಸ್ಮರಣೀಯ.

ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಮಳವಳ್ಳಿ ತಾಲ್ಲೂಕು ಒದಗಿಸುತ್ತದೆ. ಬೊಪ್ಪೇಗೌಡನಪುರದಲ್ಲಿ ಮಠವುಳ್ಳ ಮಂಟೇಸ್ವಾಮಿಯ ಪರಂಪರೆಯನ್ನು ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿಗಳೊಡನೆ ರಾತ್ರಿಗಟ್ಟಲೆ ಹಾಡುತ್ತಾರೆ. ಆ ಕಾವ್ಯದಲ್ಲಿ ಸಿದ್ಧಪ್ಪಾಜಿಯು ಗುರುವಿನ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆಗಾಗಿ ಹಲಗೂರಿನ ಪಾಂಚಾಳರ ಬಳಿಗೆ ಹೋಗುತ್ತಾನೆ. ಅವರು ಕೊಡಲೊಪ್ಪದೆ ಅವನನ್ನು ಕಠಿಣ ಪರೀಕ್ಷೆಗಳಿಗೆ ಗುರಿಮಾಡುತ್ತಾರೆ. ಅವನು ಪವಾಡಗಳಿಂದ ಅವುಗಳನ್ನು ಗೆಲ್ಲುತ್ತಾನೆ. ಭಕ್ತಿಕಾವ್ಯವಾಗಿ ಇದರ ಘನತೆ ನಿರ್ವಿವಾದ. ಆದರೆ ಪವಾಡವು ಹೇತುವಲ್ಲ. ಅದರ ಮುಂದೆ ಬಗ್ಗಿದವನು ಒಪ್ಪಿದವನಲ್ಲ. ನೀಲಗಾರರ ಕಥೆಯೂ ಅದನ್ನು ಒಪ್ಪಿಗೆಯೆಂದು ಹೇಳಿಕೊಳ್ಳುವುದಿಲ್ಲ. ಅಲ್ಲಿ ನಡೆಯುವುದು ಗುರುಮಹಿಮೆಯ ಪ್ರಕಟನೆ.

ಆಧುನಿಕ ಕ್ರೀಡೆಗಳಲ್ಲಿ ಈ ವಿವೇಕ ತಪ್ಪಿದ ಉದಾಹರಣೆ ಒಂದುಂಟು. 'ಡಂಜನ್ಸ್ ಅಂಡ್ ಡ್ರಾಗನ್ಸ್'ನಲ್ಲಿ ಮೊದಲಿನಿಂದಲೂ ವಶೀಕರಣಮಂತ್ರವಿದೆ. ಮಂತ್ರವು ಮಂತ್ರವೆಂದೇ ಹೇಳಿಕೊಳ್ಳುವುದರಿಂದ ಅದರಲ್ಲಿ ಮೋಸವಿಲ್ಲ. ಆದರೆ 2003ರ ಪರಿಷ್ಕೃತ ಆವೃತ್ತಿಯಲ್ಲಿ ಸಂಧಾನಕೌಶಲವೆಂಬುದಕ್ಕೆ ಒಂದು ಪಟ್ಟಿಯನ್ನು ಕೊಟ್ಟು, ಇಪ್ಪತ್ತು ಮುಖದ ದಾಳದ ಅಂಕಕ್ಕೆ ಕೌಶಲವನ್ನು ಕೂಡಿಸಿದಾಗ 35 ಬಂದರೆ ಕಡುವೈರಿಯು ಸ್ನೇಹಿತನಾಗುವನೆಂದೂ 50 ಬಂದರೆ ಸಹಾಯಕನೇ ಆಗುವನೆಂದೂ ವಿಧಿಸಿತು. ಅದಕ್ಕೆ ಬೇಕಾದ ಕಾಲ ಸಾಮಾನ್ಯವಾಗಿ ಒಂದು ನಿಮಿಷ. ಆ ವೈರಿ ಯಾರು, ವೈರಕ್ಕೆ ಕಾರಣವೇನು, ಅವನ ಪ್ರತಿಜ್ಞೆಯೇನು ಎಂಬುದಕ್ಕೆ ಈ ಪಟ್ಟಿಯಲ್ಲಿ ಎಡೆಯಿಲ್ಲ. ಕೌಶಲವನ್ನು ಅತಿಯಾಗಿ ಬೆಳೆಸಿಕೊಂಡ ಪಾತ್ರವು ಹಸ್ತಿನಾವತಿಯ ಸಭೆಯನ್ನು ಪ್ರವೇಶಿಸಿದ್ದರೆ ಮಹಾಭಾರತವು ಉದ್ಯೋಗಪರ್ವಕ್ಕೇ ಮುಗಿಯುತ್ತಿತ್ತು. ಇದು ಸೂತ್ರಧಾರನ ವಶದಲ್ಲಿರುವ ಪಾತ್ರಗಳಿಗೆ ಮಾತ್ರ ಅನ್ವಯಿಸುವ ನಿಯಮವೆಂಬುದು ನಿಜ. ಆದರೆ ಕ್ರೀಡಕನ ಪಾತ್ರಕ್ಕೆ ಮನಸ್ಸುಂಟು, ಸೂತ್ರಧಾರನ ಪಾತ್ರಕ್ಕೆ ಇಲ್ಲವೆಂಬ ಭೇದಕ್ಕೆ ಆಧಾರವೇನೆಂಬುದು ಚಿಂತ್ಯ.

ಪಟ್ಟಿಯಿಂದ ಆಗದ ಕೆಲಸವನ್ನು ಹೇತುಗಳ ವಿವೇಚನೆಯಿಂದ ಮಾಡಬಹುದು. ಇಲ್ಲಿ ಕೌಟಿಲ್ಯನು ನೆರವಿಗೆ ಬರುತ್ತಾನೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಅರ್ಥಶಾಸ್ತ್ರದ ಶಾಸನಾಧಿಕಾರವೆಂಬ ಪ್ರಕರಣದಲ್ಲಿ ಸಾಮೋಪಾಯವು ಐದು ಬಗೆಯೆಂದು ಹೇಳಿದೆ: ಎದುರಿನವನ ಗುಣಗಳನ್ನು ಕೀರ್ತಿಸುವುದು, ಉಭಯರಿಗಿರುವ ಸಂಬಂಧವನ್ನು ನೆನಪಿಸುವುದು, ಪರಸ್ಪರ ಉಪಕಾರವನ್ನು ತೋರಿಸಿಕೊಡುವುದು, ಮುಂದೆ ಬರುವ ಫಲವನ್ನು ಕಾಣಿಸುವುದು, ತನ್ನನ್ನೇ ಅವನಿಗೆ ಒಪ್ಪಿಸಿಕೊಳ್ಳುವುದು. ಕೃಷ್ಣನ ಸಭಾಭಾಷಣವನ್ನು ಬಿಡಿಸಿ ನೋಡಿದರೆ ಕುರುವಂಶದ ಗುಣಕೀರ್ತನೆ, ದಾಯಾದಿಸಂಬಂಧ, ಕೂಡಿ ಬಾಳಿದರೆ ಆಗುವ ಲಾಭ, ಕಾದಿದರೆ ಆಗುವ ಕುಲನಾಶ, ಇವೆಲ್ಲವೂ ಕಾಣಬರುತ್ತವೆ.

ಕ್ರೀಡೆಯಲ್ಲಿ ಇವುಗಳ ಪ್ರಯೋಜನ ಹೀಗೆ. ಒಬ್ಬ ಕ್ರೀಡಕನು ಸುಂದರವಾಗಿ ಮಾತನಾಡಬೇಕೆಂಬ ನಿರ್ಬಂಧವಿರಬಾರದು; ಯಾವ ಹೇತುವನ್ನು ಹಿಡಿದನೆಂಬುದನ್ನು ತಿಳಿಸಿದರೆ ಸಾಕು. 'ನನ್ನ ಪಾತ್ರವು ಇವರಿಬ್ಬರ ಅಜ್ಜ ಒಬ್ಬನೇ ಎಂಬುದನ್ನು ನೆನಪಿಸುತ್ತದೆ' ಎಂದು ತೊದಲುತ್ತ ಹೇಳಿದರೂ ಅದು ಸಂಬಂಧೋಪಾಖ್ಯಾನವೇ. ಹೇತುವನ್ನು ಆರಿಸುವುದು ಕ್ರೀಡಕನ ಬುದ್ಧಿ. ಅದನ್ನು ಎಷ್ಟು ಚೆನ್ನಾಗಿ ನುಡಿಯಲಾಯಿತೆಂಬುದು ಪಾತ್ರದ ಶಕ್ತಿ, ಅದನ್ನು ದಾಳ ಹೇಳಲಿ. ವಂಶಾಭಿಮಾನವಿಲ್ಲದವನಿಗೆ ಸಂಬಂಧವನ್ನು ಹೇಳಿದರೆ ದಾಳ ಎಷ್ಟು ಬಿದ್ದರೂ ಫಲ ಅಲ್ಪ. ಲೋಭಿಗೆ ಪರಸ್ಪರ ಲಾಭವನ್ನು ಕಾಣಿಸಿದರೆ ಅಲ್ಪ ದಾಳವೂ ಸಾಕು. ಆಗ ಎದುರಿನವನ ಸ್ವಭಾವವನ್ನು ಆಲಿಸಿ ತಿಳಿದವನಿಗೆ ಬಲ ಬರುತ್ತದೆ. ಬಾಯಾಳಿಗಿಂತ ಕಿವಿಯುಳ್ಳವನು ಗೆಲ್ಲುವ ಆಟವು ಎಷ್ಟಾದರೂ ಮೇಲು. ಪಾಂಡವರ ರಾಜ್ಯವನ್ನು ಕಳೆದ ದಾಳವೇ ಇಲ್ಲಿ ನಿಷ್ಪಕ್ಷಪಾತದ ಸಾಕ್ಷಿಯಾಗುವುದು ಕಾಲದ ವಿನೋದ.

ಇನ್ನು ಉಳಿದದ್ದು ಸಭೆಯ ವಿಷಯ. ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ ಎಂದು ವಾದಕ್ಕೆ ನಾಲ್ಕು ಅಂಗಗಳು. ತಾಳಮದ್ದಳೆಯಲ್ಲಿ ಭಾಗವತನು ಯಾವ ಪಕ್ಷಕ್ಕೂ ಸೇರದೆ, ಮಾತು ಮಿತಿಮೀರಿತೆಂದು ಕಂಡಾಗ ಮುಂದಿನ ಪದ್ಯವನ್ನೆತ್ತಿಕೊಂಡು ಇಬ್ಬರನ್ನೂ ನಿಲ್ಲಿಸಬಲ್ಲನು. ಪಾತ್ರಧಾರಣಕ್ರೀಡೆಯ ಸೂತ್ರಧಾರನ ಸ್ಥಿತಿ ಹಾಗಲ್ಲ. ಕೌರವನ ಪರವಾಗಿ ಮಾತನಾಡುವವನೂ ಅವನೇ, ಕೌರವನು ಒಪ್ಪಿದನೇ ಇಲ್ಲವೇ ಎಂದು ತೀರ್ಪು ಹೇಳುವವನೂ ಅವನೇ. ಪ್ರತಿವಾದಿಯೇ ಸಭಾಪತಿಯಾದ ಈ ದೋಷಕ್ಕೆ ಪರಿಹಾರವಾಗಿ, ಆ ಹೊತ್ತಿನ ಮಾತಿನಲ್ಲಿ ಪಾತ್ರವಿಲ್ಲದ ಉಳಿದ ಕ್ರೀಡಕರನ್ನು ಸಭ್ಯರನ್ನಾಗಿ ಕೂರಿಸಿ, ಹೇತುವು ಸಲ್ಲುವುದೋ ಇಲ್ಲವೋ ಎಂಬುದನ್ನು ಅವರಿಂದ ಹೇಳಿಸಬಹುದು. ಹಾಗೆ ಮಾಡುವಾಗ ಚರಕಸಂಹಿತೆಯ ವಿಮಾನಸ್ಥಾನದ ಎಚ್ಚರಿಕೆಯನ್ನು ಮರೆಯಬಾರದು. ವೈದ್ಯರ ಸಂಭಾಷಾವಿಧಿಯನ್ನು ಹೇಳುತ್ತ ಆ ಗ್ರಂಥವು ಪರಿಷತ್ತನ್ನು ಜ್ಞಾನವುಳ್ಳದ್ದು, ಮೂಢವಾದುದು ಎಂದು ವಿಭಾಗಿಸಿ, ಒಂದೊಂದೂ ಸ್ನೇಹಪರ, ಉದಾಸೀನ, ದ್ವೇಷಬದ್ಧವೆಂದು ಮೂರು ಬಗೆಯಾಗಿರುವುದೆಂದು ಗುರುತಿಸಿದೆ. ದ್ವೇಷಬದ್ಧವಾದ ಪರಿಷತ್ತಿನಲ್ಲಿ ಯಾವ ಮಾತೂ ನಡೆಯದು.

ನಿಯಮವು ಎಷ್ಟೇ ನಿರ್ದುಷ್ಟವಾಗಿದ್ದರೂ ಸಭ್ಯರು ಬಾಯಿಬಿಡದಿದ್ದರೆ ಆಗುವುದೇನೆಂಬುದನ್ನು ಸಭಾಪರ್ವವು ತೋರಿಸಿದೆ. ತನ್ನನ್ನು ಮೊದಲು ಸೋತವನಿಗೆ ತನ್ನನ್ನು ಪಣವಾಗಿಡುವ ಅಧಿಕಾರವುಂಟೇ ಎಂಬುದು ದ್ರೌಪದಿಯ ಪ್ರಶ್ನೆ. ಪ್ರತಿಜ್ಞೆ ಸ್ಪಷ್ಟ, ಹೇತು ಸ್ಪಷ್ಟ, ಛಲವಿಲ್ಲ, ಪುನರುಕ್ತವಿಲ್ಲ. ಭೀಷ್ಮನು ಧರ್ಮದ ಸೂಕ್ಷ್ಮತೆಯನ್ನು ಹೇಳಿ ಜಾರಿಕೊಂಡನು. ವಿದುರನು ಪ್ರಹ್ಲಾದನ ಕಥೆಯನ್ನು ಹೇಳಿ ಸಭ್ಯರನ್ನು ಎಚ್ಚರಿಸಿದನು: ಮಗನಾದ ವಿರೋಚನನಿಗೂ ಸುಧನ್ವನೆಂಬ ಬ್ರಾಹ್ಮಣನಿಗೂ ಪ್ರಾಣವನ್ನೇ ಪಣವೊಡ್ಡಿ ವಿವಾದವಾದಾಗ, ಪ್ರಹ್ಲಾದನು ಮಗನ ವಿರುದ್ಧ ತೀರ್ಪಿತ್ತನೆಂದು. ಸಭೆ ಮಿಸುಕಲಿಲ್ಲ. ವಿಕರ್ಣನೊಬ್ಬನು ಎದ್ದು ಉತ್ತರ ಹೇಳಿದನು. ಕರ್ಣನು ಅವನನ್ನು ಹುಡುಗನೆಂದು ಗದರಿಸಿ ಕೂರಿಸಿದನು.

ಸಂಧಾನಪ್ರಸಂಗವನ್ನು ತರಗತಿಯಲ್ಲಿ ಆಟವಾಗಿ ಆಡಿಸಬಯಸುವ ಅಧ್ಯಾಪಕರು ಕೃಷ್ಣದುರ್ಯೋಧನರಿಂದ ಆರಂಭಿಸುವುದಕ್ಕಿಂತ ಈ ದ್ಯೂತಸಭೆಯಿಂದ ಆರಂಭಿಸುವುದು ಲೇಸು. ದ್ರೌಪದಿಯ ಪಾತ್ರಕ್ಕೆ ಮಾತು ಬಲ್ಲ ವಿದ್ಯಾರ್ಥಿಯೇ ಬೇಕಿಲ್ಲ. ಅವಳ ಹೇತು ಒಂದೇ, ಅದನ್ನು ಒಂದು ವಾಕ್ಯದಲ್ಲಿ ಹೇಳಬಹುದು. ವಾಚಾಳಿಗಳನ್ನು ಸಭ್ಯರ ಸಾಲಿನಲ್ಲಿ ಕೂರಿಸಬೇಕು. ಭೀಷ್ಮನಾದವನು ಮೌನವಾಗಿದ್ದರೆ ಅವನಿಗೆ ತಗಲುವ ಸುಂಕವೇನೆಂಬುದನ್ನು ಆಟಕ್ಕೆ ಮೊದಲೇ ಹಲಗೆಯ ಮೇಲೆ ಬರೆದಿಡಬೇಕು. ವಿಕರ್ಣನಾಗಿ ಏಳುವವನಿಗೆ ತಗಲುವ ಸುಂಕವನ್ನೂ ಅದರ ಪಕ್ಕದಲ್ಲಿಯೇ ಬರೆಯಬೇಕು.